ಪಡಸಾಲೆಯ ಪಾರ್ಲಿಮೆಂಟಿನಲ್ಲಿ ಹೊಡೆದಾಟ

ಹೋದ ವರ್ಷ, ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ನನ್ನ ಮಗಳು ಲೋಕಸಭೆಯ ಸ್ಪೀಕರ್ ಆದಳು. ಶಾಲೆಯ ಅಣಕು ಲೋಕಸಭೆ ಅದು. ನಮ್ಮ ಶಹಾಪುರದಲ್ಲಿ ಗೆದ್ದ ತಂಡಕ್ಕೆ ಯಾದಗಿರಿಯ ಜಿಲ್ಲಾ ಸ್ಪರ್ಧೆ. ಕುರ್ಚಿ ಸಿಕ್ಕಿತ್ತು, ಗಟ್ಟಿ ಆಗಿರಲಿಲ್ಲ. ಮಗಳ ದನಿ ನನ್ನಂತೆಯೇ ಸಣ್ಣದು. ಸಮಾಜ ಪಾಠದ ಟೀಚರು ಮೊದಲೇ ಹೇಳಿದ್ದರು: “ಮಂಗಳವಾರ ನನ್ನ ಮುಂದ ಮಾಡಿ ತೋರಸ್ರಿ. ಸದನ ನಿನ್ನ ಮಾತು ಕೇಳಿದ್ರ ಕುರ್ಚಿ ನಿಂದು. ಇಲ್ಲಂದ್ರ ಬ್ಯಾರೆದಾಕಿ ಕೂಡ್ತಾಳ.” ಅಂದಿನಿಂದ ಅವಳು ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು “ಶಾಂತರಾಗಿರಿ, ಶಾಂತರಾಗಿರಿ” ಅನ್ನುತ್ತಿದ್ದಳು. ನಲ್ಲಿಯ ಸಪ್ಪಳವೇ ದೊಡ್ಡದಿತ್ತು.

ಭಾನುವಾರ ತಾಲೀಮು ನಮ್ಮ ಪಡಸಾಲೆಯಲ್ಲಿ. ಹನ್ನೊಂದು ಹುಡುಗಿಯರು ಬಂದರು. ಪಾರ್ಲಿಮೆಂಟು ಹೇಗಿರುತ್ತದೆಂದು ಕಲಿಯಲು ಮೊದಲು ನನ್ನ ಫೋನಿನ ಸುತ್ತ ಕೂತರು. ಪಾರ್ಲಿಮೆಂಟ್ ಎಂದು ಒತ್ತಿದ್ದೇ ತಡ, ಫೋನು ಬರೀ ಹೊಡೆದಾಟಗಳನ್ನೇ ತೋರಿಸಿತು. ಯಾವ ಯಾವ ದೇಶವೋ. ಒಂದರಲ್ಲಿ ಸೂಟು ಹಾಕಿದ ದೊಡ್ಡ ಮನುಷ್ಯರು ಒಬ್ಬರ ಟೈ ಒಬ್ಬರು ಜಗ್ಗುತ್ತಿದ್ದರು. ಇನ್ನೊಂದರಲ್ಲಿ ಬೆಂಚಿನ ಮೇಲಿಂದ ಜಿಗಿದು ಬೆನ್ನಿಗೆ ಗುದ್ದುತ್ತಿದ್ದರು. ನಮ್ಮ ದೇಶದ್ದೂ ಬಂತು, ಕಾಗದ ಹರಿದು ತೂರುವುದು, ಮೈಕು ಜಗ್ಗುವುದು. ಹುಡುಗಿಯರ ಹೆಗಲ ಮೇಲಿಂದ ನಾನೂ ಇಣುಕುತ್ತಿದ್ದೆ. ಒಂದು ಸದನದ ಮೂಲೆಯಲ್ಲಿ, ಬಿಳಿ ಕೈಗವಸು ಹಾಕಿದ ಜವಾನನೊಬ್ಬ ಮೇಜಿನ ಮೇಲಿನ ನೀರಿನ ಗ್ಲಾಸುಗಳನ್ನು ಒಂದೊಂದಾಗಿ ಎತ್ತಿ ಆಚೆ ಇಡುತ್ತಿದ್ದ. ಮತ್ತೊಂದರಲ್ಲಿ ಕೆಳಗೆ ಕೂತ ಗುಮಾಸ್ತೆ ತಲೆ ಎತ್ತದೆ ಬರೆಯುತ್ತಲೇ ಇದ್ದಳು. ಯಾರು ಯಾರ ಅಂಗಿ ಹರಿದರೆಂದು ಬರೆಯುತ್ತಿದ್ದಳೋ ಏನೋ.

ಹುಡುಗಿಯರಿಗೆ ಪಾಠ ಪಕ್ಕಾ ಆಯಿತು. ಪಾರ್ಲಿಮೆಂಟೆಂದರೆ ಇದು. ಶನಿವಾರ ಶಾಲೆಗೆ ಪೂರ್ತಿ ಸೂಟಿ ಕೊಡುವ ಮಸೂದೆ ಅವರದು. ಮಂತ್ರಿ ಎರಡು ಸಾಲು ಓದಬೇಕು, ವಿರೋಧ ಪಕ್ಷದ ನಾಯಕಿ “ಒಪ್ಪೂದಿಲ್ಲ” ಅನ್ನಬೇಕು, ಅಲ್ಲಿಂದ ಮುಂದೆ ಹೊಡೆದಾಟ. ಯಾರು ಯಾರ ಜಡೆ ಹಿಡಿಯಬೇಕೆಂದು ಪಟ್ಟಿ ಮಾಡಿದರು. ಆ ವರ್ಷವಷ್ಟೇ ಸುರಪುರದಿಂದ ಬಂದು ಸೇರಿದ್ದ ವಿರೋಧ ಪಕ್ಷದ ನಾಯಕಿ ನನ್ನ ಹತ್ತಿರ ಬಂದಳು. “ಆಂಟಿ, ಹಳೇ ದುಪಟ್ಟಾ ಇದ್ರ ಕೊಡ್ರಿ. ಹರದ್ರ ಚರ್ ಅನ್ನಬೇಕು, ಅಂಥಾದ್ದು.”

ಕೊಟ್ಟೆ. ಚರ್ ಅಂದಿತು.

ಮೂರು ಸಲ ಹೊಡೆದಾಡಿದರು. ಮೂರನೇ ಸಲಕ್ಕೆ ನಿಜವಾದದ್ದು ಸ್ವಲ್ಪ ಬೆರೆತಿತ್ತು. ಮಂತ್ರಿಯ ಗಣಿತದ ನೋಟ್‌ಬುಕ್ಕು ಹರಿಯಿತು, ದಿಂಬಿನ ಹತ್ತಿ ಫ್ಯಾನಿಗೆ ಹತ್ತಿತು. ನನ್ನ ಮಗಳು ಕುರ್ಚಿಯ ಮೇಲೆ ಕೂತು “ದಯವಿಟ್ಟು, ಮಾನ್ಯ ಸದಸ್ಯರೇ” ಅನ್ನುತ್ತಿದ್ದಳು. ಹಾಲಿನವನಿಗೆ ನೀರು ಜಾಸ್ತಿ ಆಗಿದೆ ಎಂದು ನಾನು ಹೇಳುವ ದನಿ ಅದೇ. ಅವನೂ ಕೇಳಿಸಿಕೊಳ್ಳುವುದಿಲ್ಲ.

ಒಳಗೆ ತೊಗರಿಬೇಳೆ ಹಸನು ಮಾಡುತ್ತಿದ್ದ ಅತ್ತೆ ಮೊರ ಬದಿಗಿಟ್ಟು ಬಾಗಿಲಿಗೆ ಬಂದರು. ದೋರನಹಳ್ಳಿಯವರು, ಅಲ್ಲಿ ಒಂದು ಅವಧಿಗೆ ಪಂಚಾಯ್ತಿ ಮೆಂಬರಾಗಿದ್ದವರು.

“ಏನವಾ, ನಿಮ್ಮವ್ವನ ಕಾನ್ವೆಂಟಿನ ಸಿಸ್ಟರ್‌ಗಳು ನಿನ್ನ ಬಾಯಿಗೂ ಬೀಗ ಹಾಕ್ಯಾರೇನು?” ಎಂದರು ಮೊಮ್ಮಗಳಿಗೆ. ನಾನು ನಕ್ಕೆ. ಸುಳ್ಳೇನಲ್ಲ, ನಾನು ಓದಿದ ಕಾನ್ವೆಂಟಿನಲ್ಲಿ ಕೈ ಎತ್ತಿ, ಅವರು ಕರೆದ ಮೇಲೆ ಮಾತಾಡು ಎಂದೇ ನಮಗೆ ಕಲಿಸಿದ್ದು.

“ಒದರಿದ್ರ ಯಾರೂ ನಿಲ್ಲಂಗಿಲ್ಲ,” ಅತ್ತೆ ಹುಡುಗಿಯರ ನಡುವೆ ಕೂತರು. “ನಮ್ಮ ಪಂಚಾಯ್ತಿಯೊಳಗೂ ಹಿಂಗ ಆಗಿತ್ತು. ಬೋರ್‌ವೆಲ್ ಯಾರ ಓಣಿಗಿ ಅಂತ ಇಬ್ಬರು ಮೆಂಬರು ಅಂಗಿ ಅಂಗಿ ಹಿಡಕೊಂಡ್ರು. ಅಧ್ಯಕ್ಷ ಟೇಬಲ್ ಬಡದು ಬಡದು ಕೈ ಬಾವು ಬರಸ್ಕೊಂಡ. ನಾ ಚಾ ತರಸ್ದೆ.”

“ಚಾ ಯಾಕ್ರಿ ಅಮ್ಮ?” ಹುಡುಗಿಯೊಬ್ಬಳು ಅತ್ತೆಯನ್ನು ಕೇಳಿದಳು.

“ಮಾಡಿಸಿ ತೋರಸ್ತೀನಿ, ತಡಿ.”

ನಾನು ಚಹಾ ಮಾಡಿದೆ. ನಮ್ಮ ಕಡೆ ಒಂದು ಚಹಾವನ್ನು ಇಬ್ಬರು ಹಂಚಿಕೊಳ್ಳುವುದುಂಟು, ಒಬ್ಬರಿಗೆ ಕಪ್ಪು, ಒಬ್ಬರಿಗೆ ಅದರ ಕೆಳಗಿನ ಬಸಿ. ಯಾರೂ ಬೇಡ ಅನ್ನುವಂತಿಲ್ಲ. ಅತ್ತೆ ಮಂತ್ರಿಯ ಕೈಗೆ ತುಂಬಿದ ಕಪ್ಪು, ನಾಯಕಿಯ ಕೈಗೆ ಅಂಚಿನವರೆಗೆ ತುಂಬಿದ ಬಸಿ ಕೊಟ್ಟರು. “ಈಗ ಹೊಡದಾಡ್ರಿ.”

ನಾಯಕಿ ಎರಡೂ ಕೈಯಲ್ಲಿ ಬಸಿ ಹಿಡಿದು, ಕಣ್ಣು ಅದರ ಮೇಲೇ ಇಟ್ಟು, ಉಸಿರು ಬಿಗಿಹಿಡಿದು ನಿಂತಳು. ಮಂತ್ರಿ ಊದತೊಡಗಿದಳು. ಪಡಸಾಲೆಯಲ್ಲಿ ಸುರ್ ಸುರ್ ಅನ್ನುವುದೊಂದೇ ಸದ್ದು. “ಕೈ ಖಾಲಿ ಇದ್ರ ಕಾಲರಿಗೆ ಹೋಗ್ತಾವ,” ಎಂದು ಅತ್ತೆ ಎದ್ದು ಬೇಳೆಯ ಕಡೆ ನಡೆದರು.

ಮಗಳ ಮುಖ ಅರಳಿತು. ಅದೂ ಒಂದೇ ದಿನದ ಮಟ್ಟಿಗೆ. ಸೋಮವಾರ ಶಾಲೆಯಿಂದ ಬಂದವಳು ಚೀಲ ಕೆಳಗಿಟ್ಟು ಹೇಳಿದಳು: “ಸ್ಟೇಜಿನ ಮ್ಯಾಲೆ ಬಿಸಿ ಚಾ ನಡಿಯಂಗಿಲ್ಲಂತ. ಟೀಚರು ಬೈದ್ರು.” ಅವತ್ತು ರೊಟ್ಟಿ ಅರ್ಧ ಬಿಟ್ಟೆದ್ದಳು.

ಮಂಗಳವಾರ ಸ್ಪೀಕರ್ ಹೊದೆಯುವ ಶಾಲನ್ನು ಇಸ್ತ್ರಿ ಮಾಡಿ ಕೊಡಲು ಶಾಲೆಗೆ ಹೋದವಳು ಹಿಂದಿನ ಬೆಂಚಿನಲ್ಲಿ ಕೂತುಬಿಟ್ಟೆ. ಮಸೂದೆ ಬಂತು, “ಒಪ್ಪೂದಿಲ್ಲ” ಬಂತು, ಹೊಡೆದಾಟ ಶುರುವಾಯಿತು. ಮಂತ್ರಿ ತನ್ನಪ್ಪನ ಕೋಟು ಹಾಕಿಕೊಂಡಿದ್ದಳು, ಅದರ ಗುಂಡಿ ಹಾರಿ ನನ್ನ ಕಾಲ ಹತ್ತಿರ ಬಿತ್ತು. ಮಗಳು “ಶಾಂತರಾಗಿರಿ” ಅಂದಳು. ಯಾರಿಗೂ ಕೇಳಲಿಲ್ಲ. ಇನ್ನೊಮ್ಮೆ ಅಂದಳು. ಟೀಚರು ಪೆನ್ನಿನ ಟೊಪ್ಪಿಗೆ ತೆಗೆದರು. ನಾನು ಗುಂಡಿಯನ್ನು ಮುಷ್ಟಿಯಲ್ಲಿ ಒತ್ತಿ ಹಿಡಿದಿದ್ದೆ.

ಮಗಳು ಕುರ್ಚಿ ಬಿಟ್ಟು ಇಳಿದಳು. ಮಸೂದೆಯನ್ನು ಉದ್ದದ ಡ್ರಾಯಿಂಗ್ ಹಾಳೆಯಲ್ಲಿ ಬರೆದು ಸುರುಳಿ ಸುತ್ತಿ ಮೇಜಿನ ಮೇಲೆ ಇಟ್ಟಿದ್ದರು. ಅದನ್ನೆತ್ತಿಕೊಂಡು ಇಬ್ಬರ ನಡುವೆ ಹೋಗಿ ನಿಂತಳು.

“ಮಾನ್ಯ ವಿರೋಧ ಪಕ್ಷದ ನಾಯಕರು ಈ ತುದಿ ಹಿಡೀಬೇಕು. ಎರಡೂ ಕೈಲೆ. ಮಾನ್ಯ ಮಂತ್ರಿಗಳು ಆ ತುದಿ. ಬಿಟ್ರ ಸುತ್ತಿಕೊಳ್ತದ, ಸದನಕ್ಕ ಓದಾಕ ಬರೂದಿಲ್ಲ.”

ದನಿ ಮೊದಲಿನಷ್ಟೇ ಇತ್ತು. ಎದುರಿಗೆ ಹಾಳೆ ಚಾಚಿದರೆ ಯಾರಾದರೂ ಹಿಡಿದೇ ಹಿಡಿಯುತ್ತಾರೆ, ಅವರೂ ಹಿಡಿದರು. ಬಿಗಿಯಾಗಲು ಒಬ್ಬರಿಂದೊಬ್ಬರು ನಾಲ್ಕು ಹೆಜ್ಜೆ ದೂರ ಸರಿಯಬೇಕಾಯಿತು. ಉಳಿದವರು ಬಿಚ್ಚಿದ ಜಡೆ ಸರಿಮಾಡಿಕೊಳ್ಳುತ್ತ ಓದತೊಡಗಿದರು. ಮಗಳು ಹೋಗಿ ಕೂತಳು, ಶಾಲು ಸರಿಮಾಡಿಕೊಂಡಳು.

“ಕುರ್ಚಿ ನಿಂದ,” ಎಂದರು ಟೀಚರು. ಆಮೇಲೆ ಉಳಿದವರ ಕಡೆ ತಿರುಗಿದರು. “ನೀವು ಹೊಡದಾಟ ಚಂದ ಮಾಡ್ತೀರಿ. ಆದ್ರ ಶನಿವಾರ ಸೂಟಿ ಯಾಕ ಬೇಕು, ಯಾಕ ಬ್ಯಾಡ, ಒಬ್ಬಾಕೀನೂ ಹೇಳಲಿಲ್ಲಲ್ಲ? ನಾಳಿ ಬರಕೊಂಡು ಬರ್ರಿ. ಹೊಡದಾಟ ಬಂದ್.”

ಸದನ ಮುಖ ಜೋಲು ಹಾಕಿಕೊಂಡು ಹೊರಬಿತ್ತು.

ಅಂದು ಸಂಜೆ ವಿರೋಧ ಪಕ್ಷದ ನಾಯಕಿ ನಮ್ಮ ಮನೆಗೆ ಬಂದು, ಹಾಳೆ ಹರವಿಕೊಂಡು, ಪೆನ್ನು ಕಚ್ಚುತ್ತ ಕೂತಳು. ಶನಿವಾರ ಶಾಲೆ ಬೇಕೇ ಬೇಕು ಎಂದು ವಾದಿಸುವ ಕೆಲಸ ಅವಳ ಪಾಲಿಗೆ ಬಂದಿತ್ತು. ಪಾಪ, ಅರ್ಧ ತಾಸಾದರೂ ಒಂದು ಕಾರಣ ಹೊಳೆಯಲಿಲ್ಲ.

“ಆಂಟಿ, ನೀವರೆ ಒಂದು ಹೇಳ್ರಿ.”

ಈಳಿಗೆಯ ಮುಂದೆ ಕೂತು ಬದನೆಕಾಯಿ ಹೆಚ್ಚುತ್ತಿದ್ದ ನಾನು ಅಲ್ಲಿಂದಲೇ ಬಾಯಿ ತೆರೆದೆ. ಮಗಳು ಪುಸ್ತಕದಿಂದ ತಲೆ ಎತ್ತಿದಳು.

“ಮಾನ್ಯ ಸದಸ್ಯರು ಎದ್ದು ನಿಂತು, ಪೀಠದ ಕಡೆ ನೋಡಿ ಮಾತಾಡಬೇಕು.”

ದನಿ ಏರಿಸಲಿಲ್ಲ, ನಗಲೂ ಇಲ್ಲ. ಅತ್ತೆ ಮಂಚದ ಮೇಲಿಂದ “ಏಳವಾ, ಏಳು ಮತ್ತ” ಎಂದರು. ನಾನು ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತು, ಪೀಠದ ಕಡೆ ನೋಡಿ ಹೇಳಿದೆ: “ಶನಿವಾರ ಮುಂಜಾನೆ ಸಾಲಿ ಇದ್ರ, ಮನಿಯೊಳಗ ತಾಯಂದಿರಿಗೆ ಮೂರು ತಾಸು ಗದ್ದಲ ಇರೂದಿಲ್ರಿ.”

ವಿರೋಧ ಪಕ್ಷ ಅದನ್ನೇ ಮೊದಲನೇ ಕಾರಣವಾಗಿ ಬರೆದುಕೊಂಡಿತು.