ಸ್ಟೇಬಲ್ ಎಂಬ ಮಾತಿಗೆ ಆಯಾ ಹೇಳಿದ ಅರ್ಥ

ಜಗಳೂರಿನ ಸಣ್ಣ ನರ್ಸಿಂಗ್ ಹೋಮಿನಲ್ಲಿ ಅಪ್ಪ ಒಂಬತ್ತು ದಿನ ಮಲಗಿದ್ದರು. ಹನ್ನೊಂದೂ ಇರಬಹುದು, ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಡಾಕ್ಟರು ಮಧ್ಯಾಹ್ನ ಬಂದು, "ಸ್ಟೇಬಲ್" ಎಂದು ಹೇಳಿ ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ಆಮೇಲೆ ನೆಲ ಒರೆಸುವ ಆಯಾ ಬರುತ್ತಿದ್ದರು. ಕೋಲನ್ನು ಗೋಡೆಗೆ ಒರಗಿಸಿ, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ಅಪ್ಪನ ಪಾದ ಮುಟ್ಟಿ ನೋಡುತ್ತಿದ್ದರು.

"ಸ್ಟೇಬಲ್ ಅಂದ್ರೆ ಏನು ಗೊತ್ತೇನ್ರೀ ಮೇಷ್ಟ್ರೇ?" ಎಂದು ಮೊದಲ ದಿನ ಕೇಳಿದರು.

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವನು. "ಸ್ಥಿರ" ಎಂದೆ.

"ಅದೇನೋ ನಂಗೊತ್ತಿಲ್ಲ. ನೀವು ಹೋಗಿ ಉಂಡು ಬರಬೋದು ಅಂತ. ಏಳ್ರಿ, ನೆಲ ಒರೆಸ್ಬೇಕು."

ದಿನವೂ ಪಾದ ಮುಟ್ಟಿ ಅದೇ ಮಾತು ಹೇಳುತ್ತಿದ್ದರು. ನಾನು ಎದುರಿನ ಖಾನಾವಳಿಗೆ ಹೋಗಿ ಉಂಡು ಬರುತ್ತಿದ್ದೆ.

ಕೊನೆಯ ದಿನವೂ ಡಾಕ್ಟರು "ಸ್ಟೇಬಲ್" ಎಂದರು. ನಾನು ಚಪ್ಪಲಿ ಮೆಟ್ಟಿಕೊಂಡೆ. ಆಯಾ ಪಾದ ಮುಟ್ಟಿದರು, ಇನ್ನೊಮ್ಮೆ ಮುಟ್ಟಿದರು, ಹೊದಿಕೆ ಎಳೆದು ಪಾದ ಮುಚ್ಚಿದರು.

"ಸ್ಟೇಬಲ್ ಅಂದ್ರಲ್ಲಕ್ಕಾ?" ಎಂದೆ.

"ಹೂಂ, ಅಂದ್ರು. ಇವತ್ತು ಊಟಕ್ಕೆ ಹೋಗಬ್ಯಾಡ್ರಿ. ಇಲ್ಲೇ ಕುಂತ್ಕಳ್ರಿ."

ಅಪ್ಪನ ಉಸಿರು ನಿಂತಾಗ ಅವರ ಕೈ ನನ್ನ ಕೈಯಲ್ಲಿತ್ತು. ಅದು ಬೆಚ್ಚಗಿತ್ತೋ ತಣ್ಣಗಿತ್ತೋ ಈಗ ಹೇಳಲಾರೆ. ನನ್ನ ಕಾಲಡಿಯ ನೆಲವನ್ನು ಮಾತ್ರ ಅವತ್ತು ಆಯಾ ಒರೆಸಿರಲಿಲ್ಲ.