ಎಂಬಸಿ ಕಾಕಾ

ನಮ್ಮ ಎದುರು ಮನೆಯ ಬಸಪ್ಪ ಕಾಕಾನ ಬೀದಿ ಬಾಗಿಲಿಗೆ ಅಗುಳಿ ಇರಲಿಲ್ಲ. ದೆಹಲಿಯ ನೌಕರಿ ಮುಗಿಸಿ ಗಂಗಾವತಿಗೆ ಬಂದ ವಾರದಲ್ಲೇ ಅದನ್ನು ತಾವೇ ಬಿಚ್ಚಿ ತೆಗೆದಿದ್ದರು. ಕಳ್ಳರು ಬಂದರೆ ಹೇಗೆ ಎಂದು ನಾನು ಕೇಳಿದರೆ ಅವರ ಹೆಂಡತಿ ಶಾಂತವ್ವ, "ಒಯ್ಯಾಕ ನಮ್ಮನ್ಯಾಗ ಏನೈತವ್ವ? ಇವರೊಬ್ಬರ ಅದಾರ. ಒಯ್ದರ ಒಯ್ಲಿ ಬಿಡು, ನನಗೂ ಒಂದೀಟು ಆರಾಮ" ಅನ್ನುತ್ತಿದ್ದರು. ಕಾಕಾ ನಗುತ್ತಿದ್ದರು. ಅಗುಳಿ ಮಾತ್ರ ಹಾಕಿಸಲಿಲ್ಲ.

ದೆಹಲಿಯಲ್ಲಿ ಅವರು ಪರದೇಶದ ರಾಯಭಾರ ಕಚೇರಿಯೊಂದರ ಗೇಟ್ ಕಾಯುತ್ತಿದ್ದರು. ಹಾಗಾಗಿ ಓಣಿಗೆಲ್ಲ ಎಂಬಸಿ ಕಾಕಾ. "ಗೇಟಿನ ಒಳಗ ನಮ್ಮ ಪೊಲೀಸರೂ ಕೇಳದ ಕಾಲಿಡೂಹಂಗಿಲ್ಲ. ನಾ ನೋಡು, ಪಾಸ್‌ಪೋರ್ಟ್ ಇಲ್ದ ದಿನಾ ಇಪ್ಪತ್ತು ಸಲ ಪರದೇಶಕ್ಕ ಹೋಗಿ ಬಂದಾಂವ" ಎಂದು ಜಂಬ ಕೊಚ್ಚುತ್ತಿದ್ದರು.

ಆ ದೇಶದ ಹುಡುಗರು ದೆಹಲಿಗೆ ಓದಲು ಬರುತ್ತಿದ್ದರಂತೆ. ಪಾಸ್‌ಪೋರ್ಟ್ ಕಳೆದರೆ, ಮದುವೆಗೆ ಕಾಗದ ಬೇಕಾದರೆ, ಜೊತೆಯವರು ಯಾರಾದರೂ ತೀರಿಕೊಂಡರೆ ಅಲ್ಲಿಗೇ ಓಡಿ ಬರುತ್ತಿದ್ದರು. ಹಬ್ಬದ ದಿನ ಹಿತ್ತಲಲ್ಲಿ ಒಲೆ ಹೂಡಿ ತಮ್ಮ ಊರಿನ ರೊಟ್ಟಿ ಸುಟ್ಟು ತಿನ್ನುತ್ತಿದ್ದರು. "ಎಂಬಸಿ ಅಂದ್ರ ಬ್ಯಾರೆ ಏನಲ್ಲವ್ವ, ತವರುಮನಿ" ಅನ್ನುತ್ತಿದ್ದರು ಕಾಕಾ.

ಒಂದು ಶುಕ್ರವಾರ ಕಾಕಾ, ಶಾಂತವ್ವನ ಜೊತೆ ಹೇಮಗುಡ್ಡದ ದೇವಿಗೆ ಉಡಿ ತುಂಬಲು ಹೋಗಿದ್ದೆವು. ನೈವೇದ್ಯದ ಹೊತ್ತು, ಗರ್ಭಗುಡಿಯ ಬಾಗಿಲು ಹಾಕಿತ್ತು. ನಾನು ಕೈಮುಗಿದು ನಿಂತೆ. ಕಾಕಾ ಬಾಗಿಲಿಗೆ ಬೆನ್ನು ಮಾಡಿ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಮೈಯೆಲ್ಲ ಬೆವೆತಿತ್ತು. ಏನಾಯ್ತೆಂದು ಕೇಳಿದೆ.

"ಎಂಬಸಿಯವರ ದೇಶದಾಗ ಸರಕಾರ ಬಿತ್ತು. ಬಾವುಟ ಬದಲಾತು, ಹೊಸಾ ಸಾಹೇಬ ಬಂದ. ಒಂದು ಪಟ್ಟಿ ಕೊಟ್ಟ, ಇವರನ್ನ ಒಳಗ ಬಿಡಬ್ಯಾಡ ಅಂದ. ಅದರಾಗ ಒಂದು ಹುಡಿಗಿ ಹೆಸರಿತ್ತವ್ವ. ನನ್ನ ಚಾಚಾ ಚಾಚಾ ಅಂತಿತ್ತು. ಆಕಿ ಅಪ್ಪ ಹಳೇ ಸರಕಾರದಾಂವ. ಪಾಸ್‌ಪೋರ್ಟ್ ಮುಗದಿತ್ತು. ಹೊಸಾದು ಸಿಗದಿದ್ರ ಇಲ್ಲಿ ಇರೂಹಂಗಿಲ್ಲ, ಅಲ್ಲಿಗೆ ಕಳಿಸಿದ್ರ ಉಳಿಯೂಹಂಗಿಲ್ಲ."

ಆ ಹುಡುಗಿ ಮುಂಜಾನೆಯಿಂದ ಮಧ್ಯಾಹ್ನದವರೆಗೆ ಗೇಟಿನೆದುರು ಬಿಸಿಲಲ್ಲಿ ನಿಂತಿದ್ದಳು. ಕಾಕಾ ಕುಡಿಯಲು ನೀರು ಕೊಟ್ಟರು, ಗೇಟು ತೆಗೆಯಲಿಲ್ಲ. ಅವರ ನೌಕರಿ ಮುಗಿಯಲು ಇನ್ನು ಆರೇ ತಿಂಗಳಿತ್ತು. ಕೊನೆಗೆ ಪೊಲೀಸರು ಬಂದು, ಇಲ್ಲಿ ನಿಲ್ಲಬಾರದೆಂದು ಜೀಪಿನಲ್ಲಿ ಕರೆದೊಯ್ದರು. ಆಮೇಲೆ ಏನಾದಳೋ, ಕಾಕಾ ಎಷ್ಟು ಜನರನ್ನು ಕೇಳಿದರೂ ತಿಳಿಯಲಿಲ್ಲ.

ಕಾಕಾ ತೀರಿಹೋಗಿ ನಾಲ್ಕು ತಿಂಗಳಾಯಿತು. ಕಡೆಯ ಸಲ ಮಾತಾಡಿದ್ದು ನಾನು ಗಂಜಿ ಒಯ್ದಾಗ. ಮಂಚದಲ್ಲಿ ಮಲಗಿದ್ದವರು, "ನೀ ದೇವರ ಪೂಜಿ ಮಾಡಾಕಿ. ಖರೇ ಹೇಳವ್ವ, ಆ ಹುಡಿಗಿ ಜೀವಂತ ಇದ್ದಾಳಾ?" ಅಂದರು.

ನನಗೇನು ಗೊತ್ತು? ಹಾಲು ಒಡೆಯದಿದ್ದರೂ, ನಲ್ಲಿಯಲ್ಲಿ ನೀರು ಬಂದರೂ ದೇವರು ದೊಡ್ಡವನು ಅನ್ನುವವಳು ನಾನು. ಕಾಕಾನಿಗೂ ಅಂಥದೊಂದನ್ನು ಹುಡುಕಿದೆ.

"ಅವತ್ತು ಆಕಿಗೆ ನೀರು ಕೊಟ್ಟೀರಲ್ರಿ ಕಾಕಾ. ಆ ಬಿಸಿಲಾಗ ಅದೂ ಪುಣ್ಯನ ಐತಿ."

ಕಾಕಾ ಅಲ್ಲವೆಂದು ತಲೆಯಾಡಿಸಿದರು.

"ಸರಳಿನ ನಡುವ ಬಾಟ್ಲಿ ಕೊಟ್ಟೆ. ಕುಡದ್ಲು. ಬಾಟ್ಲಿ ವಾಪಸ್ ಕೊಡೂಮುಂದ ನನ್ನ ಕೈ ಹಿಡಕೊಂಡ್ಲವ್ವ, ಗಟ್ಟಿಯಾಗಿ. ನಾ ಬಿಡಿಸ್ಕೊಂಡೆ."

ನಾನು ಅವರ ಕೈ ಹಿಡಿಯಹೋದೆ. ಕಾಕಾ ಅದನ್ನು ಚಾದರದ ಒಳಗೆ ಎಳೆದುಕೊಂಡರು.