ಕೇಳಿದ್ರಾ ಮೇಡಂ

ನಮ್ಮ ಆಸ್ಪತ್ರೆಯಲ್ಲಿ ಅವರ ಹುದ್ದೆಗೆ ಒಂದು ಹೆಸರಿತ್ತು, ಬಾಗಿಲ ಮೇಲಿನ ಫಲಕದಲ್ಲಿ ಹಿಡಿಸದಷ್ಟು ಉದ್ದ. ನರ್ಸುಗಳಾದ ನಾವು ಮಾತ್ರ ಅವರನ್ನು 'ಕೇಳಿದ್ರಾ ಮೇಡಂ' ಎನ್ನುತ್ತಿದ್ದೆವು. ವಾಸಿಯಾಗದ ಕಾಯಿಲೆಯವರು ಕೊನೆಯ ದಿನಗಳನ್ನು ಕಳೆಯುವ ವಾರ್ಡು ನಮ್ಮದು. ಅಲ್ಲಿ ನೋವಿನ ವಿಚಾರಣೆ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಿ ಅಂಕ ಕೊಡುವುದು ಅವರ ಕೆಲಸ. ತಲೆಯ ಮೇಲೆ ಏರಿಸಿಕೊಂಡ ಕನ್ನಡಕವನ್ನು ಮೇಜಿನ ಮೇಲೆಲ್ಲ ಹುಡುಕಿ, ಆಮೇಲೆ ಒಬ್ಬೊಬ್ಬರ ಚಾರ್ಟನ್ನೂ ತಿರುವುತ್ತಿದ್ದರು. "ಬಂದ ತಕ್ಷಣ ನೋವು ಎಷ್ಟಿದೆ ಅಂತ ಕೇಳಿದ್ರಾ? ಔಷಧಿ ಕೊಟ್ಟ ಮೇಲೆ ಮತ್ತೆ ಕೇಳಿದ್ರಾ?" ಇಲ್ಲವೆಂದರೆ ಒಂದು ನೋಟ. ಆ ನೋಟಕ್ಕಿಂತ ಬೈಗುಳವೇ ವಾಸಿ.

ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಸೊಂಟ ಬಿದ್ದುಹೋಗುವಷ್ಟು ದುಡಿದವರ ಬೆನ್ನ ಹಿಂದೆ ನಿಂತು ಲೆಕ್ಕ ಕೇಳುವವರು ಯಾರಿಗೆ ತಾನೇ ಇಷ್ಟವಾಗುತ್ತಾರೆ? ಆದರೂ ನ್ಯಾಯವಾಗಿ ಹೇಳಬೇಕು. ಅವರು ಬರುವ ಮೊದಲು, ಗೋಡೆಯ ಕಡೆ ಮುಖ ಮಾಡಿ ಸುಮ್ಮನೆ ಮಲಗಿದವರನ್ನೆಲ್ಲ ನಾವು 'ಒಳ್ಳೇ ರೋಗಿ' ಎಂದುಕೊಂಡು ಮುಂದೆ ಹೋಗುತ್ತಿದ್ದೆವು. ಅವರಿಗೂ ನೋವಿರಬಹುದು, ಬಾಯಿಬಿಟ್ಟು ಕೇಳಿ ಎಂದು ಹಟ ಹಿಡಿದವರು ಈ ಮೇಡಂ. ಸೊನ್ನೆಯಿಂದ ಹತ್ತರೊಳಗೆ ರೋಗಿ ಹೇಳಿದ ಸಂಖ್ಯೆಯೇ ಕೊನೆಯ ಮಾತು, ನಿಮ್ಮ ಅಂದಾಜು ಬೇಡ ಎನ್ನುತ್ತಿದ್ದರು.

ಒಂದು ದಿನ ಅವರ ಸ್ವಂತ ಅಕ್ಕನನ್ನೇ ನಮ್ಮ ವಾರ್ಡಿಗೆ ಕರೆತಂದರು. ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ತಾಯಿಯಿಲ್ಲದ ತಂಗಿಯನ್ನು ಸಾಕಿದ್ದು ಈ ಅಕ್ಕನೇ. ಬೀದಿಯ ತಿರುವಿನಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡು, ಮದುವೆಯ ಮಾತನ್ನೇ ಎತ್ತದೆ, ತಂಗಿಯನ್ನು ನರ್ಸಿಂಗ್ ಓದಿಸಿದ್ದರು. ಮೊಣಕೈವರೆಗೂ ಹಳೆಯ ಸುಟ್ಟ ಕಲೆಗಳು. ಅದೇನು ಎಂದು ಕೇಳಿದರೆ ಸೆರಗು ಹೊದ್ದುಕೊಂಡು ನಗುತ್ತಿದ್ದರು.

"ನೋವು ಎಷ್ಟಿದೆ ಅಕ್ಕಾ?" ಎಂದರೆ "ಎರಡು" ಎನ್ನುತ್ತಿದ್ದರು. ಬೆಳಿಗ್ಗೆ ಎರಡು, ಸಂಜೆ ಎರಡು. ಮೇಡಂ ಚಾರ್ಟು ನೋಡಿ, "ಎಷ್ಟು ಚೆನ್ನಾಗಿ ವಿಚಾರಿಸಿದ್ದೀರಿ!" ಎಂದು ಜನ್ಮದಲ್ಲಿ ಮೊದಲ ಸಲ ನನ್ನನ್ನು ಹೊಗಳಿದರು. ನನಗೆ ಖುಷಿಯಾಗಲಿಲ್ಲ. ಮಗ್ಗುಲು ಬದಲಿಸುವಾಗ ಆ ಅಕ್ಕ ಮಂಚದ ಕಂಬಿಯನ್ನು ಹಿಡಿದುಕೊಳ್ಳುತ್ತಿದ್ದ ರೀತಿ ನೋಡಿದರೆ ಅದು ಎರಡರ ನೋವಾಗಿ ಕಾಣುತ್ತಿರಲಿಲ್ಲ. ಡಾಕ್ಟರಿಗೆ ಹೇಳಿದೆ. ಅವರು ಔಷಧಿ ಹೆಚ್ಚಿಸಲು ಬಂದರೆ, "ಎರಡಕ್ಕೆ ಅಷ್ಟೊಂದು ಯಾಕಪ್ಪಾ?" ಎಂದು ಅಕ್ಕ ಬೇಡವೆಂದುಬಿಟ್ಟರು. ಮೇಡಂಗೆ ಹೇಳಿದರೆ, "ನಮ್ಮಕ್ಕ ಗಟ್ಟಿಗಿತ್ತಿ. ಅವಳೇ ಎರಡು ಅಂದಮೇಲೆ ಮುಗೀತು" ಎಂದರು.

ಒಂದು ದಿನ ಅಕ್ಕನ ದಿಂಬಿನ ಚೀಲ ಬದಲಿಸುವಾಗ ನೋಡಿದರೆ ಅದರ ಮೂಲೆ ಹರಿದಿತ್ತು, ಹಲ್ಲಿನ ಗುರುತು. ನನ್ನ ಸಿಟ್ಟು ನೆತ್ತಿಗೇರಿತು.

"ಏನಿದು ಅಕ್ಕಾ? ಇದು ಎರಡಾ? ಯಾರನ್ನ ಏಮಾರಿಸ್ತಿದ್ದೀರಿ?"

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಮನೇಲಿ ಊಟಕ್ಕೆ ಕೂತಾಗ ತಂಗಿ ಹೇಳ್ತಿದ್ಲು, ಇವತ್ತು ಎಲ್ಲರ ನೋವೂ ಮೂರರ ಒಳಗೇ ಇತ್ತು ಅಕ್ಕಾ ಅಂತ. ಆ ದಿನ ಎರಡು ತುತ್ತು ಜಾಸ್ತಿ ತಿಂತಿದ್ಲು. ಜಾಸ್ತಿ ಇದ್ರೆ ಮುಖ ಸಪ್ಪೆ. ಈಗ ಸ್ವಂತ ಅಕ್ಕನೇ ಜಾಸ್ತಿ ಅಂದ್ರೆ ನಮ್ಮ ಹುಡುಗಿ ಮರ್ಯಾದೆ ಏನಾಗ್ಬೇಕು? ಅವಳಿಗೆ ಹೇಳ್ಬೇಡಮ್ಮ, ನನ್ನ ಮೇಲಾಣೆ."

ಆಣೆ ಗೀಣೆ ಎಲ್ಲ ಪಕ್ಕಕ್ಕಿಟ್ಟು ನಾನು ನೇರ ಮೇಡಂ ಕೋಣೆಗೆ ಹೋದೆ. ವಿಷಯ ಕೇಳಿದವರೇ ಎದ್ದು ಬಂದರು. ಅಕ್ಕನ ಪಕ್ಕ ಕೂತು ಬಿಡಿಸಿ ಬಿಡಿಸಿ ಹೇಳಿದರು. "ನಾನು ನೋಡೋದು ನರ್ಸುಗಳು ಕೇಳಿದ್ರಾ ಇಲ್ವಾ ಅಂತ ಮಾತ್ರ. ನಿನ್ನ ನೋವು ಹೆಚ್ಚಿದ್ರೆ ನನ್ನ ಕೆಲಸಕ್ಕೆ ಏನೂ ಆಗಲ್ಲ ಅಕ್ಕಾ." ಅದು ಅಪ್ಪಟ ಸತ್ಯ. ಅಕ್ಕ ನಂಬಲಿಲ್ಲ. "ನನ್ನ ಹತ್ರಾನೇ ನಾಟಕ ಆಡ್ತೀಯಾ? ಎರಡೇ ಕಣೇ" ಎಂದು ಕಣ್ಣು ಮುಚ್ಚಿಕೊಂಡರು. ಅಂಥ ಪ್ರೀತಿಯ ಮೇಲೆ ನನಗೆ ಅವತ್ತು ಅಸಹ್ಯವೇ ಬಂತು.

ಮರುದಿನ ಬೆಳಿಗ್ಗೆ ಮೇಡಂ ಬಂದಾಗ ಕೊರಳಲ್ಲಿ ಆಸ್ಪತ್ರೆಯ ಗುರುತಿನ ಚೀಟಿ ಇರಲಿಲ್ಲ. ಬಂದವರೇ ಅಕ್ಕನ ಕೈ ಹಿಡಿದರು.

"ನನ್ನನ್ನ ಕೆಲಸದಿಂದ ತೆಗೆದ್ರು ಅಕ್ಕಾ."

ನಾನು ಬೆಚ್ಚಿದೆ. ಮೇಡಂ ನನ್ನ ಕಡೆ ನೋಡಿದ ಒಂದೇ ನೋಟಕ್ಕೆ ಇದು ನಾಟಕವೆಂದು ಅರ್ಥವಾಗಿ ಬಾಯಿ ಮುಚ್ಚಿಕೊಂಡೆ.

"ಯಾಕೇ? ಏನಾಯ್ತು?"

"ಏನೋ ಆಯ್ತು ಬಿಡು. ಇನ್ಮೇಲೆ ಈ ನೋವಿನ ಲೆಕ್ಕ ಬೇರೆಯವರದು. ನನಗೂ ಅದಕ್ಕೂ ಸಂಬಂಧ ಇಲ್ಲ."

ಅಕ್ಕ ತಂಗಿಯ ಬರಿಗೊರಳನ್ನು ನೋಡಿದರು. ಮುಖದಲ್ಲಿ ಬಿಗಿಹಿಡಿದದ್ದೆಲ್ಲ ಸಡಿಲವಾಯಿತು.

"ಹಾಗಾದ್ರೆ ಹೇಳ್ತೀನಿ. ಒಂಬತ್ತು."

"ಯಾವಾಗಿಂದ ಅಕ್ಕಾ?"

"ಬಂದ ದಿನದಿಂದ."

ಆಮೇಲೆ ಅವರ ಗಂಟಲಿನಿಂದ ಹೊರಟ ನರಳಾಟಕ್ಕೆ ಇಡೀ ವಾರ್ಡೇ ತಿರುಗಿ ನೋಡಿತು. ನಾನು ಡಾಕ್ಟರನ್ನು ಕರೆಯಲು ಓಡಿದೆ. ಅವರನ್ನು ಕರೆದುಕೊಂಡು ಬರುವಷ್ಟರಲ್ಲಿ ಮೇಡಂ ನೆಲಕ್ಕೆ ಕುಸಿದು, ಹಾಸಿಗೆಯಲ್ಲಿ ಮುಖ ಹುದುಗಿಸಿ ಬಿಕ್ಕಿಬಿಕ್ಕಿ ಅಳುತ್ತಿದ್ದರು. ಕನ್ನಡಕ ಎಲ್ಲೋ ಬಿದ್ದಿತ್ತು. ಅಕ್ಕ ಹಲ್ಲು ಕಚ್ಚಿ ನರಳುತ್ತಲೇ, ಆ ಸುಟ್ಟ ಕಲೆಗಳ ಕೈಯಿಂದ ತಂಗಿಯ ತಲೆ ಸವರುತ್ತಿದ್ದರು.

"ಅಳ್ಬೇಡ ಕಣೇ. ಕೆಲಸ ತಾನೇ ಹೋಗಿದ್ದು? ನಾನಿಲ್ವಾ?"